ಮದ್ಯಸಾರ ಇಂಧನ: ಕಾರ್ಬುರೇಟರೋ, ಇಂಜೆಕ್ಷನ್ನೋ?

ಹಳಿಯಾಳದ ಇ.ಐ.ಡಿ. ಪ್ಯಾರಿ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಮೂಲದ ಇಥೆನಾಲ್ ತಯಾರಾಗುತ್ತದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ ಶೇ. 20 ಇಥೆನಾಲ್ ಮಿಶ್ರಿತ ಪೆಟ್ರೋಲ್ ದೇಶದಾದ್ಯಂತ ಬಳಕೆಗೆ ಬಂದ ಮೇಲೆ, ದಾಂಡೇಲಿ, ಮುಂಡಗೋಡಗಳ ಬಿಡಿಭಾಗ ವರ್ತಕರಿಗೆ ಕಾರ್ಬುರೇಟರ್ ಸರಕನ್ನು ಇನ್ನೆಷ್ಟು ಕೊಳ್ಳಬೇಕೆಂಬ ಪ್ರಶ್ನೆ ಎದುರಾಗಿದೆ.

ಒಂದು ಕಿಲೋ ಪೆಟ್ರೋಲ್ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಇಥೆನಾಲಿಗೆ 9, ಮೆಥೆನಾಲಿಗೆ 6.5 ಸಾಕು. ಅಂದರೆ ಅಷ್ಟೇ ಗಾಳಿಗೆ ಮೆಥೆನಾಲ್ ಎರಡು ಪಟ್ಟಿಗೂ ಅಧಿಕವಾಗಿ ಹರಿಯಬೇಕು. ಅದಕ್ಕಾಗಿ ಕಾರ್ಬುರೇಟರಿನ ಜೆಟ್, ನೀಡಲ್ ವಾಲ್ವ್, ಫ್ಲೋಟ್ ಬೌಲ್ ಎಲ್ಲವನ್ನೂ ಹಿಗ್ಗಿಸಬೇಕಾಗುತ್ತದೆ. ಅಮೆರಿಕದ ಡ್ರ್ಯಾಗ್ ಪಂದ್ಯಗಳ ಮೆಥೆನಾಲ್ ವಾಹನಗಳು ಯಾಂತ್ರಿಕ ಇಂಜೆಕ್ಷನನ್ನು ನೆಚ್ಚಿಕೊಂಡಿರುವುದು ಇದರಿಂದಲೇ: ಎಂಜಿನ್ನೇ ತಿರುಗಿಸುವ ಪಂಪು ವೇಗಕ್ಕೆ ತಕ್ಕಷ್ಟು ಇಂಧನವನ್ನು ತಳ್ಳುತ್ತದೆ. ಆದರೆ ಆ ಏರ್ಪಾಡು ಪೂರ್ಣ ಥ್ರಾಟಲಿನ ಕೆಲವೇ ಸೆಕೆಂಡುಗಳಿಗೆ ಒಪ್ಪುವಂಥದು, ಅಣಶಿ ಘಟ್ಟದ ತಿರುವುಗಳಿಗಲ್ಲ.

ದ್ವಿಚಕ್ರ ವಾಹನಗಳಲ್ಲಿ 2020ರ ಬಿ.ಎಸ್.-6 ನಿಯಮದ ನಂತರ ಎಲೆಕ್ಟ್ರಾನಿಕ್ ಇಂಜೆಕ್ಷನ್ನೇ ರೂಢಿ. ಹಳೆಯ ಕಾರ್ಬುರೇಟರ್ ಗಾಡಿಗಳಿಗೆ ಮಿಶ್ರಣ ತೆಳುವಾಗುವುದಕ್ಕಿಂತ ದೊಡ್ಡ ತೊಡಕು ನೀರಿನದು. ಜೋಯಿಡಾದ ಮಳೆಗಾಲದಲ್ಲಿ ಟ್ಯಾಂಕಿಗಿಳಿದ ತೇವವನ್ನು ಇಥೆನಾಲ್ ಹೀರುತ್ತದೆ; ಮಿತಿ ಮೀರಿದರೆ ನೀರಿನೊಡನೆ ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತದೆ. ಆದುದರಿಂದ ಇಡೀ ಕಾರ್ಬುರೇಟರ್‌ಗಳನ್ನು ರಾಶಿ ಹಾಕುವ ಬದಲು ಇಥೆನಾಲ್ ತಾಳುವ ಇಂಧನ ಕೊಳವೆ, ಓ-ರಿಂಗ್, ಗ್ಯಾಸ್ಕೆಟ್‌ಗಳನ್ನು ದಾಸ್ತಾನಿಡುವುದು ಲೇಸು. ಇಂಜೆಕ್ಟರ್‌ಗಳನ್ನು ಗ್ಯಾರೇಜುಗಳ ಬೇಡಿಕೆ ನೋಡಿ ತರಿಸಬಹುದು.