ಟೈಮಿನ ಹಲಗೆಯನ್ನು ಕೆಳಗಿನಿಂದ ಓದು

ಕೂಸೇ, ಸತ್ಯಮಂಗಲದಲ್ಲಿ, ಅಂದರೆ ನಮ್ಮ ಸತ್ತಿಯಲ್ಲಿ, ಕಾಲೇಜಿಗೆ ಸೇರಿದ್ದೀಯ, ಹಾಸ್ಟೆಲೂ ಸಿಕ್ಕಿದೆ ಅಂತ ನಿಮ್ಮಪ್ಪ ಹೇಳಿದ. ಓದಿನ ವಿಚಾರಕ್ಕೆ ನಾನು ಬುದ್ಧಿ ಹೇಳಲು ಬರುವುದಿಲ್ಲ, ಅದಕ್ಕೆ ನಿನಗೆ ಮೇಷ್ಟ್ರುಗಳಿದ್ದಾರೆ. ನಾನು ಹೇಳುವುದು ಬಸ್ಸಿನ ವಿಚಾರ. ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ನೀನು ತಾಳವಾಡಿಗೆ ಬಂದೇ ಬರುತ್ತೀಯ. ಸತ್ತಿ ಬಸ್‌ಸ್ಟ್ಯಾಂಡಿನಲ್ಲಿ ಟೈಮಿನ ಹಲಗೆಯ ಮುಂದೆ ನಿಲ್ಲುವವರೆಲ್ಲ ಅದನ್ನು ಮೇಲಿನಿಂದ ಕೆಳಕ್ಕೆ ಓದುತ್ತಾರೆ. ನೀನು ಕೆಳಗಿನಿಂದ ಓದು. ನಮ್ಮ ಬೆಟ್ಟ ಹತ್ತುವ ಕೊನೆಯ ಗಾಡಿ ಎಷ್ಟಕ್ಕೆ, ಅದರ ಹಿಂದಿನದು ಎಷ್ಟಕ್ಕೆ, ಮೊದಲು ಇವೆರಡನ್ನು ತಲೆಯಲ್ಲಿ ಇಟ್ಟುಕೋ. ನೀನು ಹತ್ತಬೇಕಾದ್ದು ಕೊನೆಯದನ್ನಲ್ಲ, ಅದರ ಹಿಂದಿನದನ್ನು. ಅದು ಕೈಕೊಟ್ಟರೆ ಇರಲಿ ಅಂತ ಕೊನೆಯದನ್ನು ಬಿಟ್ಟುಕೋ.

ಸತ್ತಿಯಿಂದ ಗೋಪಿಗೋ ಈರೋಡಿಗೋ ಹೋಗುವವರಿಗೆ ಈ ಲೆಕ್ಕವೆಲ್ಲ ಬೇಕಿಲ್ಲ. ಒಂದು ತಪ್ಪಿದರೆ ಇನ್ನೊಂದು ಬರುತ್ತದೆ. ನಮ್ಮ ದಾರಿಯಲ್ಲಿ ಬಣ್ಣಾರಿ ಇದೆ, ಅಲ್ಲಿಂದ ಮೇಲಕ್ಕೆ ದಿಂಬಂ ಘಾಟಿಯ 27 ತಿರುವುಗಳಿವೆ, ಆಮೇಲೆ ಕಾಡು. 2013ರಿಂದ ಅದು ಹುಲಿ ಸಂರಕ್ಷಿತ ಪ್ರದೇಶ. ರಾತ್ರಿ ಹೊತ್ತು ಗಾಡಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿವೆ ಎಂಬ ಕೇಸಿನಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿದ ಮೇಲೆ 2022ರ ಫೆಬ್ರವರಿ 10ರಿಂದ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ತಡೆ ಬಿತ್ತು. ಸರಕಿನ ಗಾಡಿಗೆ ಸಂಜೆ 6ರಿಂದ, ಕಾರು ಜೀಪುಗಳಿಗೆ ರಾತ್ರಿ 9ರಿಂದ, ಬೆಳಗ್ಗೆ 6ರವರೆಗೆ. ನಮ್ಮವರು ಅಂಗಡಿ ಮುಚ್ಚಿ ಬೀದಿಗಿಳಿದರು, ಆಮೇಲೆ ಊರವರಿಗೆ ಒಂದಿಷ್ಟು ರಿಯಾಯಿತಿಯೂ ಸಿಕ್ಕಿತು. ಆ ಜಗಳದಲ್ಲಿ ಎರಡೂ ಕಡೆ ನ್ಯಾಯವಿತ್ತು ಅಂತಲೇ ನನ್ನ ಎಣಿಕೆ. ಅದು ಹಾಗಿರಲಿ, ನಿನಗೆ ಬೇಕಾದ್ದು ಬೇರೆ. ಆ ಆದೇಶ ಬಸ್ಸನ್ನು ನಿಲ್ಲಿಸದಿದ್ದರೂ ಬಸ್ಸಿನ ಟೈಮನ್ನು ಹಿಡಿದು ಅಲ್ಲಾಡಿಸುತ್ತದೆ. ಬೆಳಗ್ಗೆ ಆರಕ್ಕೆ ಚೆಕ್‌ಪೋಸ್ಟ್ ತೆರೆದಾಗ ರಾತ್ರಿಯಿಡೀ ಕಾದ ಲಾರಿಗಳೆಲ್ಲ ಒಂದರ ಹಿಂದೆ ಒಂದು ಘಾಟಿ ಹತ್ತುತ್ತವೆ. ಸಂಜೆ ಆರರೊಳಗೆ ದಾಟಬೇಕು ಅಂತ ಮತ್ತೊಂದು ಸಾಲು ಓಡಿ ಬರುತ್ತದೆ. ಉದ್ದದ ಲಾರಿಗೆ ಒಂದು ತಿರುವು ತಿರುಗಲು ರಸ್ತೆಯ ಅಗಲವೆಲ್ಲ ಬೇಕು. ಎದುರಿನ ಗಾಡಿ ನಿಂತು ದಾರಿ ಬಿಡಬೇಕು. ಹಲಗೆಯಲ್ಲಿ ಬರೆದಿರುವ ಹೊತ್ತು ಈ ಎರಡು ಸಾಲುಗಳ ನಡುವೆ ಬಿದ್ದರೆ ಆ ಬಸ್ಸನ್ನು ನಂಬು. ಬೆಳಗ್ಗೆ ಆರು ಏಳರ ಆಸುಪಾಸಿನದೋ ಸಂಜೆ ಐದು ಆರರದೋ ಆದರೆ ಇನ್ನೊಂದು ಗಂಟೆ ಕೈಯಲ್ಲಿಟ್ಟುಕೊಂಡು ಹೊರಡು.

ಇನ್ನು ಹಲಗೆ ಓದುವ ಬಗೆ. ಮಧ್ಯಾಹ್ನದ ಮೇಲಿನ ಹೊತ್ತನ್ನು ಅಲ್ಲಿ 13, 14 ಅಂತ ಬರೆದಿರುತ್ತಾರೆ. 16.40 ಅಂದರೆ ನಾಲ್ಕೂ ನಲವತ್ತು, ಇಷ್ಟು ನಿನಗೆ ಗೊತ್ತಿದೆ. ಗೊತ್ತಿರಬೇಕಾದ ಇನ್ನೊಂದು ಸಂಗತಿಯೆಂದರೆ ಆ ಹಲಗೆಯಲ್ಲಿ ಎರಡು ಜಾತಿಯ ಬಸ್ಸುಗಳಿರುತ್ತವೆ. ಒಂದು ಸತ್ತಿಯಲ್ಲೇ ಹುಟ್ಟುವ ಗಾಡಿ, ಇನ್ನೊಂದು ಎಲ್ಲಿಂದಲೋ ಬಂದು ಹಾದುಹೋಗುವ ಗಾಡಿ. ಹುಟ್ಟುವ ಗಾಡಿ ನಿನ್ನ ಕಣ್ಣೆದುರು ನಿಂತಿರುತ್ತದೆ, ಡ್ರೈವರು ಟೀ ಕುಡಿಯುತ್ತಿರುತ್ತಾನೆ, ಟೈಮ್‌ಕೀಪರು ಸಹಿ ಹಾಕಿದ ಕೂಡಲೆ ಹೊರಡುತ್ತದೆ. ಹಾದುಹೋಗುವ ಗಾಡಿಯ ಟೈಮು ಅಂದಾಜು ಮಾತ್ರ. ಕೊಯಮತ್ತೂರಿನಿಂದ ಮೈಸೂರಿಗೆ ಹೋಗುವ ಗಾಡಿ ಅನ್ನೂರಿನಲ್ಲೋ ಪುಳಿಯಂಪಟ್ಟಿಯಲ್ಲೋ ಸಂತೆಯ ಜನಕ್ಕೆ ಸಿಕ್ಕಿಬಿದ್ದಿದ್ದರೆ ಸತ್ತಿಯ ಹಲಗೆಗೆ ಅದು ಹೇಗೆ ಗೊತ್ತಾಗಬೇಕು? ಪುಳಿಯಂಪಟ್ಟಿಯ ಸಂತೆ ಗುರುವಾರದ್ದು, ದನದ ಸಂತೆ, ಕೇರಳದವರೂ ಬರುತ್ತಾರೆ. ಗುರುವಾರ ಆ ಕಡೆಯಿಂದ ಬರುವ ಬಸ್ಸಿಗೆ ಕಾಯುವಾಗ ಇದು ನೆನಪಿರಲಿ.

ಮೈಸೂರು, ಚಾಮರಾಜನಗರದ ಗಾಡಿಗಳು ಹಾಸನೂರಿನಿಂದ ನೆಟ್ಟಗೆ ಪುಣಜನೂರಿನ ಕಡೆ ಹೋಗಿಬಿಡುತ್ತವೆ, ತಾಳವಾಡಿಗೆ ಬರುವುದಿಲ್ಲ. ಬೇರೆ ಬಸ್ಸೇ ಇಲ್ಲದಾಗ ಅದನ್ನು ಹತ್ತಿ ಹಾಸನೂರಿನಲ್ಲಿ ಇಳಿಯಬಹುದು, ತಪ್ಪೇನಿಲ್ಲ. ಆದರೆ ಹತ್ತುವ ಮುಂಚೆ ಕಂಡಕ್ಟರನ್ನು ಎರಡು ಮಾತು ಕೇಳು: ಹಾಸನೂರಲ್ಲಿ ನಿಲ್ಲುತ್ತದಾ, ಅಲ್ಲಿಂದ ತಾಳವಾಡಿಗೆ ಮುಂದಿನ ಗಾಡಿ ಎಷ್ಟಕ್ಕೆ. ದೂರದ ಗಾಡಿಯವರಿಗೆ ದೂರದ ಟಿಕೆಟ್ಟಿನ ಮೇಲೆ ಪ್ರೀತಿ. ‘ಹಾಸನೂರಾ? ಹಿಂದಿನ ಗಾಡಿಗೆ ಬಾಮ್ಮ’ ಅಂದರೆ ಮುಖ ಸಣ್ಣ ಮಾಡಿಕೊಳ್ಳಬೇಡ, ಸೀಟು ತುಂಬಿದ ಮೇಲೆ ಅವರೇ ಕರೆದು ನಿಲ್ಲಿಸಿಕೊಳ್ಳುವುದೂ ಉಂಟು.

ನಿನ್ನ ತಮಿಳು ಮಾತು ಚೆನ್ನಾಗಿದೆ, ಓದು ಮಾತ್ರ ನಿಧಾನ. ಕನ್ನಡ ಮೀಡಿಯಮ್ಮಿನಲ್ಲಿ ಓದಿದ ನಮ್ಮ ಮಕ್ಕಳೆಲ್ಲ ಹೀಗೆಯೇ. ಓಡುವ ಬಸ್ಸಿನ ಹಣೆ ಬೋರ್ಡಿನಲ್ಲಿ ಮೊದಲ ಅಕ್ಷರ ನೋಡಿ ನುಗ್ಗುವ ಅಭ್ಯಾಸ ಬೇಡ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರವಾದ್ದರಿಂದ ‘ಕೋವೈ’ ಅಂತ ಬರೆದರೂ ‘ಗೋಪಿ’ ಅಂತ ಬರೆದರೂ ಮೊದಲ ಅಕ್ಷರ ಅದೇ. ಒಂದು ಕೊಯಮತ್ತೂರಿಗೆ ಹೋಗುತ್ತದೆ, ಇನ್ನೊಂದು ಗೋಬಿಚೆಟ್ಟಿಪಾಳಯಕ್ಕೆ, ಸತ್ತಿಯಿಂದ ಒಂದಕ್ಕೊಂದು ಬೇರೆ ದಿಕ್ಕು. ನಮ್ಮ ಬೋರ್ಡಿನಲ್ಲಿ ದೊಡ್ಡದಾಗಿ ತಾಳವಾಡಿ ಅಂತ ಇರುತ್ತದೆ, ಅದನ್ನು ಓದಿದರೆ ಸಾಲದು. ಅದರ ಕೆಳಗೆ ಸಣ್ಣಗೆ ‘ವಳಿ’ ಅಂತ ಬರೆದು ಒಂದು ಊರಿನ ಹೆಸರು ಹಾಕಿರುತ್ತಾರೆ, ಅಂದರೆ ಆ ಊರಿನ ಮೇಲೆ ಹೋಗುವ ಗಾಡಿ. ದಿಂಬಂ ಹತ್ತಿದ ಮೇಲೆ ನಮ್ಮೂರಿಗೆ ಎರಡು ದಾರಿ: ಒಂದು ಹಾಸನೂರಿನ ಮೇಲೆ, ಇನ್ನೊಂದು ತಲಮಲೈ ಮೇಲೆ. ತಲಮಲೈ ದಾರಿ ದಟ್ಟ ಕಾಡು, ಗಾಡಿಗಳು ಕಡಿಮೆ, ಅಲ್ಲಿ ಬಸ್ಸು ಕೆಟ್ಟು ನಿಂತರೆ ಹಿಂದೆ ಇನ್ನೊಂದು ಬರಲು ಬಹಳ ಹೊತ್ತು. ಹಗಲು ಹೊತ್ತಿನಲ್ಲಿ ಒಂದು ಸಲ ಕಿಟಕಿ ಪಕ್ಕ ಕೂತು ಆ ದಾರಿಯಲ್ಲಿ ಬಾ, ಕಣ್ಣಿಗೆ ಹಬ್ಬ. ಕತ್ತಲಾಗುವ ಹೊತ್ತಿಗೆ ಹಾಸನೂರಿನ ಮೇಲೆಯೇ ಬಾ.

ಈಗ ಹೇಳುವುದನ್ನು ಹಲಗೆಯಲ್ಲಿ ಎಲ್ಲೂ ಬರೆದಿರುವುದಿಲ್ಲ. ಕೆಳಗೆ ಹೋಗುವ ಬಸ್ಸು ಬೇರೆ, ಮೇಲೆ ಬರುವ ಬಸ್ಸು ಬೇರೆ ಅಂತ ಜನ ತಿಳಿದಿರುತ್ತಾರೆ. ಇಲ್ಲ, ಅದೇ ಬಸ್ಸು. ಬೆಳಗ್ಗೆ ತಾಳವಾಡಿಯಿಂದ ಇಳಿದದ್ದು ಸತ್ತಿಯಲ್ಲಿ ಸ್ವಲ್ಪ ಹೊತ್ತು ನಿಂತು ತಿರುಗಿ ಹತ್ತುತ್ತದೆ. ಹಾಗಾಗಿ ನಿನ್ನ ಬಸ್ಸು ಸರಿಯಾಗಿ ಹೊರಡುತ್ತದಾ ಅಂತ ತಿಳಿಯಬೇಕಾದರೆ ಗಡಿಯಾರ ನೋಡಬೇಡ, ಅದು ಕೆಳಗೆ ಬಂದು ತಲುಪಿತಾ ಅಂತ ನೋಡು. ಹನ್ನೊಂದಕ್ಕೆ ಬರಬೇಕಾದ್ದು ಹನ್ನೆರಡಾದರೂ ಬಂದಿಲ್ಲವೆಂದರೆ ಹನ್ನೊಂದೂವರೆಗೆ ಹೊರಡಬೇಕಾದ ಗಾಡಿ ಎಲ್ಲಿಂದ ಬರಬೇಕು? ಅಂಥ ಹೊತ್ತಿನಲ್ಲಿ ಮೇಲಿನಿಂದ ಬಂದ ಬೇರೆ ಯಾವುದಾದರೂ ಬಸ್ಸಿನ ಕಂಡಕ್ಟರನ್ನು ‘ಘಾಟಿ ಹೇಗಿದೆ ಅಣ್ಣಾ’ ಅಂತ ಕೇಳು. ‘ಒಂಬತ್ತನೇ ತಿರುವಲ್ಲಿ ಲಾರಿ ನಿಂತುಬಿಟ್ಟಿದೆ’ ಅಂತ ಅವನು ಅರ್ಧ ನಿಮಿಷದಲ್ಲಿ ಹೇಳುವುದು ವಿಚಾರಣೆ ಕಿಟಕಿಯಲ್ಲಿ ಅರ್ಧ ಗಂಟೆಯಾದರೂ ಸಿಗುವುದಿಲ್ಲ.

ಇದರಲ್ಲೇ ಸೇರಿದ್ದು ನೈಟ್ ಹಾಲ್ಟ್ ಗಾಡಿ. ರಾತ್ರಿ ಊರಿಗೆ ಬಂದು ಅಲ್ಲೇ ಮಲಗಿ ನಸುಕಿನಲ್ಲಿ ಮೊದಲ ಟ್ರಿಪ್ಪು ಹೊರಡುವ ಬಸ್ಸು. ನಮ್ಮ ಹಳ್ಳಿಗಳಲ್ಲಿ ಇದಕ್ಕಿರುವ ಮರ್ಯಾದೆ ಬೇರೆ ಯಾವ ಗಾಡಿಗೂ ಇಲ್ಲ. ಚಳಿಗಾಲದಲ್ಲಿ ಡ್ರೈವರ್ ಕಂಡಕ್ಟರ್ ಸೀಟುಗಳ ಮೇಲೆ ಕಂಬಳಿ ಹೊದ್ದು ಮಲಗಿರುತ್ತಾರೆ, ಬೆಳಗಿನ ಜಾವ ಇಂಜಿನ್ನು ಸ್ಟಾರ್ಟ್ ಆದ ಸದ್ದಿಗೆ ಹೆಂಗಸರು ಒಲೆ ಹೊತ್ತಿಸುತ್ತಾರೆ. ಸತ್ತಿಯಿಂದ ಮೇಲೆ ಬರುವ ಕೊನೆಯ ಬಸ್ಸು ನೈಟ್ ಹಾಲ್ಟ್ ಆಗಿದ್ದರೆ ಅದು ಎಷ್ಟೇ ತಡವಾದರೂ ಬಂದೇ ಬರುತ್ತದೆ ಅಂತ ನಂಬಬಹುದು, ಯಾಕೆಂದರೆ ನಾಳೆ ಬೆಳಗ್ಗೆ ಅದು ಮೇಲಿರಬೇಕು. ಒಂದು ವೇಳೆ ರಾತ್ರಿ ಬರಲಿಲ್ಲ ಅಂತಾದರೆ ಬೆಳಗಿನ ಮೊದಲ ಬಸ್ಸೂ ಇಲ್ಲ. ಸೋಮವಾರ ಬೆಳಗ್ಗೆ ಪರೀಕ್ಷೆ ಇದ್ದರೆ ಭಾನುವಾರ ರಾತ್ರಿ ಮಲಗುವ ಮುಂಚೆ ನಿಮ್ಮಪ್ಪನಿಗೆ ಹೇಳಿ ಬಸ್ಸು ಬಂತಾ ಅಂತ ನೋಡಿಸು. ನಿಜ ಹೇಳಬೇಕೆಂದರೆ ಪರೀಕ್ಷೆಯ ವಾರ ಭಾನುವಾರ ಮಧ್ಯಾಹ್ನವೇ ಇಳಿದುಬಿಡು.

ಹಬ್ಬದ ದಿನಗಳಲ್ಲಿ ಹಲಗೆಯನ್ನು ನಂಬುವುದೇ ಬೇಡ. ಪೊಂಗಲ್, ದೀಪಾವಳಿಗೆ ದೊಡ್ಡ ಊರುಗಳ ಸ್ಪೆಷಲ್ಲಿಗೆ ಅಂತ ಹಳ್ಳಿ ದಾರಿಯ ಗಾಡಿಗಳನ್ನು ಎಳೆದುಕೊಳ್ಳುವುದುಂಟು. ಬಣ್ಣಾರಿ ಅಮ್ಮನ ಕುಂಡದ ಹಬ್ಬಕ್ಕೆ ಬಸ್ಸುಗಳು ಬೇಕಾದಷ್ಟಿದ್ದರೂ ಎಲ್ಲವೂ ಬಣ್ಣಾರಿಗೇ ಮುಗಿಯುತ್ತವೆ. ದೀಪಾವಳಿಯ ಮಾರನೆಯ ದಿನಗಳಲ್ಲಿ ಗುಮಟಾಪುರದ ಗೊರೆ ಹಬ್ಬಕ್ಕೆ ಸಗಣಿ ಎರಚಾಟ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಅವತ್ತು ತಾಳವಾಡಿಯ ದಾರಿಯಲ್ಲಿ ಸೀಟು ಕೇಳಬೇಡ.

ಚಾಮರಾಜನಗರದ ಕಡೆಯ ಮಾತೂ ಹೇಳಿಬಿಡುತ್ತೇನೆ. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ನಾವು ಕೊಯಮತ್ತೂರು ಜಿಲ್ಲೆಯಲ್ಲೇ ಉಳಿದೆವು, 1979ರಲ್ಲಿ ಈಗ ಈರೋಡು ಅನ್ನುವ ಜಿಲ್ಲೆಯಾಯಿತು. ಅಂದಿನಿಂದ ನಮ್ಮ ಜಿಲ್ಲಾ ಕಚೇರಿ ಘಾಟಿಯ ಕೆಳಗೆ, ನಮ್ಮ ನೆಂಟರು ಗಡಿಯ ಆಚೆ. ಗಡಿ ಬಹಳ ಹತ್ತಿರ, ಚಾಮರಾಜನಗರವೂ ಸತ್ತಿಗಿಂತ ಎಷ್ಟೋ ಹತ್ತಿರ. ಅಲ್ಲಿನ ಹಲಗೆ ಕನ್ನಡದಲ್ಲಿದೆ, ‘ಸಾಮಾನ್ಯ’, ‘ವೇಗದೂತ’ ಅಂತ ನೋಡಿ ಹತ್ತಬಹುದು. ಆದರೆ ಟಿಕೆಟ್ಟಿನ ವಿಷಯದಲ್ಲಿ ಎಚ್ಚರ. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಶುರುವಾದ ಶಕ್ತಿ ಯೋಜನೆ ಆ ರಾಜ್ಯದ ಹೆಂಗಸರಿಗೆ ಮಾತ್ರ. ನಿನ್ನ ಆಧಾರಿನಲ್ಲಿ ಈರೋಡು ಜಿಲ್ಲೆ ಅಂತಿದೆ, ನೀನು ಎಷ್ಟು ಚೆಂದದ ಕನ್ನಡ ಮಾತಾಡಿದರೂ ಕಂಡಕ್ಟರು ದುಡ್ಡು ತೆಗೆದುಕೊಳ್ಳಲೇಬೇಕು. ಅವನ ಮೇಲೆ ಸಿಟ್ಟಾಗಬೇಡ. ತಮಿಳುನಾಡಿನಲ್ಲಿ 2021ರ ಮೇ ತಿಂಗಳಿಂದ ಹೆಂಗಸರಿಗೆ ಉಚಿತವಾಗಿರುವುದು ಸಾಮಾನ್ಯ ದರದ ಟೌನ್ ಬಸ್ಸು. ಗಾಜಿನ ಮೇಲೆ ಹಾಗಂತ ಬರೆದಿರುತ್ತದೆ. ‘ಪುರನಗರ್’ ಅನ್ನುವ ದೂರದ ಗಾಡಿಗೆ ಟಿಕೆಟ್ಟು ತೆಗೆಯಲೇಬೇಕು. ಕಾಲೇಜಿನ ಪಾಸು ಮಾಡಿಸುವಾಗ ಯಾವ ಊರಿನಿಂದ ಯಾವ ಊರಿಗೆ ಅಂತ ಸರಿಯಾಗಿ ಬರೆಸು. ಆ ಪಾಸು ಕರ್ನಾಟಕದ ಗಾಡಿಯಲ್ಲಿ ನಡೆಯುವುದಿಲ್ಲ. ಅವ್ವ ಈಗಲೂ ಸರ್ಕಾರಿ ಬಸ್ಸನ್ನು ‘ಜೀವಾ ಬಸ್ಸು’ ಅನ್ನುತ್ತಾಳೆ. ಜೀವಾ ಮುಂತಾದ ನಾಯಕರ ಹೆಸರಿನ ನಿಗಮಗಳನ್ನೆಲ್ಲ 1997ರಲ್ಲೇ ಒಂದು ಹೆಸರಿಗೆ ತಂದರು ಅಂದರೆ ‘ಬಸ್ಸು ಅದೇ ಅಲ್ವೇನೋ’ ಅಂತ ನನ್ನನ್ನೇ ಕೇಳುತ್ತಾಳೆ.

ಗಡಿ ಮುಚ್ಚುವ ದಿನಗಳೂ ಬರುತ್ತವೆ. 2000ದ ಜುಲೈ 30ರ ರಾತ್ರಿ ದೊಡ್ಡಗಾಜನೂರಿನ ತೋಟದ ಮನೆಯಿಂದ ರಾಜ್‌ಕುಮಾರರನ್ನು ವೀರಪ್ಪನ್ ಹೊತ್ತೊಯ್ದಾಗ ಎರಡು ರಾಜ್ಯಗಳ ನಡುವೆ ಬಸ್ಸು ನಿಂತವು. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ಗಲಾಟೆಗೆ ಮತ್ತೆ ಹಾಗೇ ಆಯಿತು. ಅಂಥ ದಿನ ತಮಿಳುನಾಡಿನ ಗಾಡಿ ಗಡಿಯ ಈಚೆ ನಿಲ್ಲುತ್ತದೆ, ಕರ್ನಾಟಕದ್ದು ಆಚೆ. ನಡುವೆ ನಡೆದು ದಾಟುವವರನ್ನು ಕಂಡು ನೀನೂ ಹೊರಡಬೇಡ, ಹಾಸ್ಟೆಲಿನಲ್ಲೇ ಇರು.

ಆನೆ ಅಡ್ಡ ಬಂದರೆ ಮಾಡಬೇಕಾದ್ದು ಏನೂ ಇಲ್ಲ, ಕೂತಿರುವುದು ಅಷ್ಟೇ. ಕಬ್ಬಿನ ಲಾರಿಯ ರುಚಿ ಹತ್ತಿದ ಆನೆಗಳು ಹಾಸನೂರು, ಕಾರಪ್ಪಳ್ಳಂ ಸುತ್ತ ರಸ್ತೆ ಬದಿಯಲ್ಲೇ ಇರುತ್ತವೆ. ಡ್ರೈವರು ಗಾಡಿ ಹಿಂದಕ್ಕೆ ತೆಗೆದು ಸುಮ್ಮನೆ ನಿಲ್ಲಿಸುತ್ತಾನೆ. ಹಾರನ್ ಹೊಡೆಯಿರಿ ಅಂತ ಕೂಗುವವರು ಕೆಳಗಿನಿಂದ ಬಂದವರು, ನೀನು ಅವರ ಜೊತೆ ಸೇರಬೇಡ. ಕಿಟಕಿಯಿಂದ ಕೈ ಹೊರಗೆ ಹಾಕಿ ಫೋನಿನಲ್ಲಿ ಫೋಟೋ ತೆಗೆಯುವುದೂ ಬೇಡ.

ಬಣ್ಣಾರಿ ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಂತಾಗಲೇ ಮನೆಗೆ ಒಂದು ಫೋನ್ ಮಾಡು. ಮೇಲೆ ಹೋದಂತೆ ಸಿಗ್ನಲ್ಲು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಘಾಟಿಯಲ್ಲಿ ಗಾಡಿ ನಿಂತುಬಿಟ್ಟರೆ ಬದಿಯ ಹಳದಿ ಕಟ್ಟೆ ಮೇಲೋ ಬೋರ್ಡಿನ ಮೇಲೋ ತಿರುವಿನ ನಂಬರು ಬರೆದಿರುತ್ತದೆ, ‘ಇಂಥ ನಂಬರಲ್ಲಿ ಇದ್ದೀನಿ’ ಅಂತ ಹೇಳಿದರೆ ಸಾಕು, ನಮಗೆ ಎಲ್ಲಾ ಅರ್ಥವಾಗುತ್ತದೆ. ಹಾಸನೂರು ತಲುಪುವ ಹೊತ್ತಿಗೆ ತಾಳವಾಡಿಯ ಗಾಡಿ ಹೋಗಿಬಿಟ್ಟಿದ್ದರೆ ಯಾರದೋ ಬೈಕು, ಜೀಪು ಅಂತ ಹತ್ತಬೇಡ. ನಿಮ್ಮಪ್ಪನಿಗೂ ಕತ್ತಲಲ್ಲಿ ಬೈಕ್ ತೆಗೆದುಕೊಂಡು ಬರಬೇಡ ಅಂದಿದ್ದೇನೆ. ಹಾಸನೂರಿನಲ್ಲಿ ನಿನ್ನ ಚಿಕ್ಕತ್ತೆಯ ಮನೆ ಬಸ್‌ಸ್ಟ್ಯಾಂಡಿಗೆ ಹತ್ತಿರ. ಎಷ್ಟು ಹೊತ್ತಾದರೂ ಬರಲಿ, ಬೆಳಗ್ಗೆ ಮೊದಲ ಬಸ್ಸಿಗೆ ನಾನೇ ಹತ್ತಿಸುತ್ತೇನೆ ಅಂದಿದ್ದಾಳೆ.