ಅನಾನಸು: ಗಿಡದ ಸ್ವಭಾವ ಮತ್ತು ಮಲೆನಾಡಿನಲ್ಲಿ ಅದರ ಕೃಷಿ

ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗದ ಸುತ್ತಲಿನ ಊರುಗಳಿಗೆ ಅನಾನಸು ಅಪರಿಚಿತವಾದ ಗಿಡವಲ್ಲ. ಅಡಿಕೆ ತೋಟದ ಅಂಚಿನಲ್ಲಿ, ಹಿತ್ತಲಿನ ಬೇಲಿಯ ಸಾಲಿನಲ್ಲಿ, ಗದ್ದೆಗೆ ಇಳಿಯುವ ದರೆಯ ಮೇಲೆ ಅದು ವಿಶೇಷವಾದ ಆರೈಕೆಯಿಲ್ಲದೆ ಬೆಳೆದು, ಮನೆಯವರಿಗೆ ವರ್ಷಕ್ಕೆ ನಾಲ್ಕಾರು ಹಣ್ಣುಗಳನ್ನು ಕೊಡುತ್ತದೆ. ಇದೇ ಶಿವಮೊಗ್ಗ ಜಿಲ್ಲೆಯ ಸೊರಬ, ಸಾಗರ ತಾಲ್ಲೂಕುಗಳಲ್ಲಿಯೂ ನೆರೆಯ ಉತ್ತರ ಕನ್ನಡದ ಬನವಾಸಿಯ ಆಸುಪಾಸಿನಲ್ಲಿಯೂ ಅದೇ ಗಿಡ ಎಕರೆಗಟ್ಟಲೆ ಹಬ್ಬಿದೆ. ಅಲ್ಲಿಯ ಹಣ್ಣು ಲಾರಿಗಳಲ್ಲಿ ದೆಹಲಿ ಮೊದಲಾದ ದೂರದ ಪೇಟೆಗಳಿಗೆ ಹೋಗುತ್ತದೆ. ಒಂದೆಡೆ ಬೇಲಿಯ ಗಿಡ, ಇನ್ನೊಂದೆಡೆ ಹಣದ ಬೆಳೆ. ಈ ವ್ಯತ್ಯಾಸ ಏಕೆ ಉಂಟಾಯಿತು? ಬೇಲಿಯ ಗಿಡವನ್ನು ಗುಡ್ಡದ ಬೆಳೆಯಾಗಿಸಲು ಹೊರಡುವ ರೈತನು ಮೊದಲು ಏನನ್ನು ತಿಳಿದಿರಬೇಕು? ಗಿಡದ ಸ್ವಭಾವವನ್ನು ಅರಿತರೆ ಈ ಎರಡು ಪ್ರಶ್ನೆಗಳಿಗೂ ಉತ್ತರ ದೊರೆಯುತ್ತದೆ.

ಗಿಡ ಬಂದ ದಾರಿ

ಅನಾನಸಿನ ತವರು ದಕ್ಷಿಣ ಅಮೆರಿಕ. ಅಲ್ಲಿಯ ಮೂಲನಿವಾಸಿಗಳ ಭಾಷೆಯ ‘ನಾನಾ’ ಎಂಬ ಪದವೇ ಪೋರ್ಚುಗೀಸರ ಬಾಯಲ್ಲಿ ‘ಅನಾನಾಸ್’ ಆಗಿ, ಅವರ ಹಡಗುಗಳೊಡನೆ ಹಣ್ಣೂ ಹೆಸರೂ ಒಟ್ಟಿಗೆ ನಮ್ಮ ಪಶ್ಚಿಮ ಕರಾವಳಿಗೆ ಬಂದವು. ಕೊಲಂಬಸನು 1493ರಲ್ಲಿ ತನ್ನ ಎರಡನೆಯ ಯಾನದಲ್ಲಿ ಗ್ವಾಡೆಲೂಪ್ ದ್ವೀಪದಲ್ಲಿ ಈ ಹಣ್ಣನ್ನು ಕಂಡನು. 16ನೆಯ ಶತಮಾನದೊಳಗೆ ಅದು ಭಾರತವನ್ನು ಮುಟ್ಟಿತು. ಮೊಗಲ್ ಚಕ್ರವರ್ತಿ ಜಹಾಂಗೀರನು ತನ್ನ ಆತ್ಮಕಥೆಯಲ್ಲಿ, ಫಿರಂಗಿಗಳ ಬಂದರುಗಳಿಂದ ಬಂದ ಹಣ್ಣೆಂದು ಇದನ್ನು ಹೆಸರಿಸಿ, ಆಗ್ರಾದ ತೋಟದಲ್ಲಿ ಇದನ್ನು ಬೆಳೆಯುತ್ತಿದ್ದುದನ್ನೂ ಹೇಳಿದ್ದಾನೆ.

ಆ ಬಂದರುಗಳ ನಾಡಿಗೂ ಕವಲೇದುರ್ಗಕ್ಕೂ ನಿಕಟವಾದ ಸಂಬಂಧವಿತ್ತು. ಕವಲೇದುರ್ಗವು ಕೆಳದಿ ಅರಸರ ಪ್ರಮುಖ ಗಿರಿದುರ್ಗ. ಆ ಅರಸರು ಕರಾವಳಿಯ ಮೆಣಸು ಮತ್ತು ಅಕ್ಕಿಯ ವ್ಯಾಪಾರದಲ್ಲಿ ಪೋರ್ಚುಗೀಸರೊಡನೆ ಒಮ್ಮೆ ಒಪ್ಪಂದ, ಒಮ್ಮೆ ಯುದ್ಧ ಎಂಬಂತೆ ನಡೆದುಕೊಂಡವರು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಇಕ್ಕೇರಿಗೆ ಬಂದುದೂ ಪೋರ್ಚುಗೀಸ್ ರಾಯಭಾರಿಯ ಜೊತೆಯಲ್ಲಿಯೇ. ಹೊರನಾಡಿನ ಬೆಳೆಗಳು ಘಟ್ಟವನ್ನು ಏರಿದ್ದು ಇಂತಹ ಸಂಪರ್ಕಗಳ ಕಾಲದಲ್ಲಿ.

ಇರುಳಿನಲ್ಲಿ ಉಸಿರಾಡುವ ಎಲೆ

ಅನಾನಸು ಬ್ರೊಮೇಲಿಯೇಸಿ ಎಂಬ ಸಸ್ಯಕುಟುಂಬಕ್ಕೆ ಸೇರಿದ್ದು. ಈ ಕುಟುಂಬದ ಹಲವು ಗಿಡಗಳು ಮರದ ಕೊಂಬೆಗಳ ಮೇಲೆ, ಬಂಡೆಗಳ ಮೇಲೆ, ಮಣ್ಣಿನ ಆಸರೆಯೇ ಇಲ್ಲದೆ ಬದುಕುತ್ತವೆ. ಅನಾನಸು ನೆಲಕ್ಕೆ ಇಳಿದ ಗಿಡವಾದರೂ ಆ ಮನೆತನದ ಗುಣವನ್ನು ಬಿಟ್ಟಿಲ್ಲ. ಅದರ ಎಲೆ ದೋಣಿಯಂತೆ ಒಳಕ್ಕೆ ಬಾಗಿದೆ. ಮಳೆಯ ಹನಿಯಾಗಲಿ ಇಬ್ಬನಿಯಾಗಲಿ ಎಲೆಯ ಮೇಲೆ ಬಿದ್ದುದು ಜಾರಿ ಬುಡಕ್ಕೆ ಇಳಿಯುತ್ತದೆ. ಅಲ್ಲಿ ಎಲೆಗಳ ಸಂದಿನಲ್ಲಿರುವ ಎಳೆಬೇರುಗಳು ಆ ನೀರನ್ನು ಹೀರುತ್ತವೆ. ನೆಲದೊಳಗಿನ ಬೇರುಗಳು ಆಳಕ್ಕೆ ಹೋಗುವುದಿಲ್ಲ. ಅವುಗಳಲ್ಲಿ ಹೆಚ್ಚಿನವು ಮೇಲಿನ ಒಂದಡಿ ಮಣ್ಣಿನಲ್ಲಿಯೇ ಹರಡಿರುತ್ತವೆ.

ಇದಕ್ಕಿಂತಲೂ ಆಶ್ಚರ್ಯಕರವಾದ ಗುಣವೊಂದಿದೆ. ಭತ್ತ, ಅಡಿಕೆ, ಮಾವು ಮೊದಲಾದವು ಹಗಲಿನಲ್ಲಿ ಪತ್ರರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆ ತೆಗೆದುಕೊಳ್ಳುತ್ತವೆ. ಆ ಬಾಗಿಲು ತೆರೆದಾಗಲೆಲ್ಲ ಎಲೆಯ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಅನಾನಸು ಬಹುಮಟ್ಟಿಗೆ ರಾತ್ರಿಯ ತಂಪಿನಲ್ಲಿ ಪತ್ರರಂಧ್ರಗಳನ್ನು ತೆರೆಯುತ್ತದೆ. ಒಳಬಂದ ಅನಿಲವನ್ನು ಮಾಲಿಕ್ ಆಮ್ಲದ ರೂಪದಲ್ಲಿ ಕೂಡಿಡುತ್ತದೆ. ಬಿಸಿಲೇರಿದಾಗ ಬಾಗಿಲನ್ನು ಮುಚ್ಚಿಕೊಂಡು, ಕೂಡಿಟ್ಟ ಆಮ್ಲದಿಂದ ಆ ಅನಿಲವನ್ನು ಬಿಡಿಸಿ ಬೆಳಕಿನ ನೆರವಿನಿಂದ ಸಕ್ಕರೆಯನ್ನು ತಯಾರಿಸುತ್ತದೆ. ಆದ್ದರಿಂದಲೇ ಮಲೆನಾಡಿನ ದೀರ್ಘ ಬೇಸಗೆಯಲ್ಲಿ ಸುತ್ತಲಿನ ಹುಲ್ಲು ಒಣಗಿದರೂ ಬೇಲಿಯ ಅನಾನಸು ಜೀವ ಹಿಡಿದುಕೊಂಡಿರುತ್ತದೆ.

ಇಂತಹ ನಡವಳಿಕೆಯನ್ನು ಮೊದಲಾಗಿ ಗಮನಿಸಿದವರಲ್ಲಿ ಬೆಂಜಮಿನ್ ಹೈನೆ ಒಬ್ಬನು. 19ನೆಯ ಶತಮಾನದ ಆದಿಯಲ್ಲಿ ಬೆಂಗಳೂರಿನ ಲಾಲ್‌ಬಾಗ್ ತೋಟದ ಹೊಣೆಯನ್ನೂ ಕೆಲಕಾಲ ಹೊತ್ತಿದ್ದ ಈ ಸಸ್ಯಶಾಸ್ತ್ರಜ್ಞನು ಕಾಡುಬಸಳೆಯ ಎಲೆಯನ್ನು ಅಗಿದು ನೋಡಿ, ಅದು ಮುಂಜಾನೆ ಹುಳಿಯಾಗಿಯೂ ಮಧ್ಯಾಹ್ನ ರುಚಿಹೀನವಾಗಿಯೂ ಇರುವುದನ್ನು ಕಂಡನು. 1813ರಲ್ಲಿ ಆ ಸಂಗತಿಯನ್ನು ಲಂಡನ್ನಿನ ವಿದ್ವಾಂಸರಿಗೆ ಬರೆದು ತಿಳಿಸಿದನು. ಅನಾನಸಿನದೂ ಅದೇ ಕ್ರಮ. ಶಾಲೆಯ ಪ್ರಯೋಗಶಾಲೆಯಲ್ಲಿಯೂ ಇದನ್ನು ತೋರಿಸಬಹುದು. ಒಂದೇ ಗಿಡದ ಎಲೆಯ ಹಸಿರು ಭಾಗವನ್ನು ಸೂರ್ಯೋದಯಕ್ಕೆ ಮೊದಲೊಮ್ಮೆ, ಸಂಜೆ ಇನ್ನೊಮ್ಮೆ ಸಮತೂಕದಲ್ಲಿ ಕತ್ತರಿಸಿ ಅರೆದು ರಸ ತೆಗೆದು, ಎರಡಕ್ಕೂ ಫಿನಾಲ್ಫ್ತಲೀನ್ ಸೇರಿಸಿ, ಸುಣ್ಣದ ತಿಳಿನೀರನ್ನು ಹನಿಹನಿಯಾಗಿ ಹಾಕಬೇಕು. ಬಣ್ಣ ತಿರುಗಲು ಮುಂಜಾನೆಯ ರಸಕ್ಕೆ ಹೆಚ್ಚು ಹನಿಗಳು ಬೇಕಾಗುತ್ತವೆ. ಇರುಳಿನ ದುಡಿಮೆಗೆ ಇದಕ್ಕಿಂತ ಸರಳವಾದ ಸಾಕ್ಷ್ಯ ಬೇಡ.

ನೂರು ಹೂವಿನ ಒಂದು ಹಣ್ಣು

ಅನಾನಸು ಒಂದೇ ಹೂವಿನಿಂದ ಆದ ಹಣ್ಣಲ್ಲ. ಗಿಡದ ನಡುವಿನಿಂದ ಹೊರಡುವ ತೆನೆಯ ಮೇಲೆ ನೂರರಿಂದ ಇನ್ನೂರರವರೆಗೆ ನೇರಳೆ ಬಣ್ಣದ ಸಣ್ಣ ಹೂವುಗಳು ಕೆಳಗಿನಿಂದ ಮೇಲಕ್ಕೆ ದಿನಕ್ಕೆ ಕೆಲವರಂತೆ ಅರಳುತ್ತವೆ. ಪ್ರತಿಯೊಂದು ಹೂವಿನ ಅಂಡಾಶಯವೂ ನೆರೆಯದರೊಡನೆ ಬೆಸೆದುಕೊಂಡು ಒಂದೇ ತಿರುಳಾಗುತ್ತದೆ. ಹಣ್ಣಿನ ಮೇಲಿನ ಒಂದೊಂದು ‘ಕಣ್ಣೂ’ ಒಂದೊಂದು ಹೂವಿನ ಗುರುತು. ಕೆಳಗಿನ ಹೂವುಗಳು ಮೊದಲು ಅರಳಿ ಮೊದಲು ಬಲಿಯುವುದರಿಂದ ಹಣ್ಣಿನ ಬುಡಭಾಗ ತುದಿಗಿಂತ ಸಿಹಿಯಾಗಿರುತ್ತದೆ.

ಆ ಕಣ್ಣುಗಳನ್ನು ಓರೆಯಾಗಿ ಎಣಿಸಿದರೆ ಸಾಮಾನ್ಯವಾಗಿ ಒಂದು ದಿಕ್ಕಿಗೆ 8 ಸುರುಳಿ, ಇನ್ನೊಂದು ದಿಕ್ಕಿಗೆ 13 ಸುರುಳಿ ದೊರೆಯುತ್ತವೆ. 1, 2, 3, 5, 8, 13 ಎಂದು ಹಿಂದಿನ ಎರಡನ್ನು ಕೂಡಿಸುತ್ತ ಹೋಗುವ ಈ ಶ್ರೇಣಿಯನ್ನು ಜೈನ ಆಚಾರ್ಯ ಹೇಮಚಂದ್ರನು 12ನೆಯ ಶತಮಾನದಲ್ಲಿ ಛಂದಸ್ಸಿನ ಲಘು-ಗುರುಗಳ ಪ್ರಸ್ತಾರದಲ್ಲಿ ಹೇಳಿದ್ದನು. ವ್ಯಾಕರಣದ ತರಗತಿಗೂ ಗಣಿತದ ತರಗತಿಗೂ ಒಂದೇ ಹಣ್ಣು ಪಾಠವಾಗಬಲ್ಲದು.

ಹಣ್ಣಿನಲ್ಲಿ ಬೀಜವಿಲ್ಲದಿರುವುದಕ್ಕೂ ಕಾರಣವಿದೆ. ಒಂದೇ ತಳಿಯ ಪರಾಗ ಅದೇ ತಳಿಯ ಹೂವಿನಲ್ಲಿ ಫಲ ಕಟ್ಟುವುದಿಲ್ಲ. ತೋಟದಲ್ಲಿರುವ ಸಾವಿರಾರು ಗಿಡಗಳೂ ಮೂಲದ ಒಂದೇ ಗಿಡದ ಮರಿಗಳಾದ್ದರಿಂದ ಬೀಜ ಹುಟ್ಟದೆ ತಿರುಳು ಮಾತ್ರ ತುಂಬುತ್ತದೆ. ಎರಡು ತಳಿಗಳು ಬೆರೆತರೆ ಗಟ್ಟಿಯಾದ ಪುಟ್ಟ ಬೀಜಗಳು ಕಾಣಿಸಿಕೊಳ್ಳಬಹುದು. ನಮ್ಮಲ್ಲಿ ಹೆಚ್ಚಾಗಿರುವ ‘ಕ್ಯೂ’ ತಳಿಯ ಎಲೆಗೆ ತುದಿಯ ಹೊರತು ಮುಳ್ಳಿಲ್ಲ. ಹಣ್ಣು ದೊಡ್ಡದು, ತಿರುಳು ತಿಳಿಹಳದಿ. ‘ಕ್ವೀನ್’ ತಳಿಯ ಎಲೆ ಮುಳ್ಳುಮುಳ್ಳು. ಹಣ್ಣು ಚಿಕ್ಕದಾದರೂ ತಿರುಳು ಹೊನ್ನಿನ ಬಣ್ಣದ್ದು, ಪರಿಮಳ ಹೆಚ್ಚು.

ನಾಟಿಯ ಕ್ರಮ

ಬೀಜವಿಲ್ಲದ ಗಿಡಕ್ಕೆ ಮರಿಗಳೇ ವಂಶ. ಬುಡದಿಂದ ಬರುವ ಕಂದು, ಹಣ್ಣಿನ ತೊಟ್ಟಿನಲ್ಲಿ ಮೂಡುವ ಮರಿ, ಹಣ್ಣಿನ ನೆತ್ತಿಯ ಜುಟ್ಟು ಎಂಬ ಈ ಮೂರನ್ನೂ ನೆಡಬಹುದು. ಕಂದು ಬೇಗ ಫಲಕ್ಕೆ ಬರುತ್ತದೆ, ತೊಟ್ಟಿನ ಮರಿ ಅದಕ್ಕಿಂತ ತಡ. ಜುಟ್ಟಿಗೆ ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಬೇಕು. ಮೂರನ್ನೂ ಬೆರೆಸಿ ನೆಟ್ಟರೆ ಹೊಲದಲ್ಲಿ ಹಣ್ಣು ಒಂದು ಹದಕ್ಕೆ ಬರುವುದಿಲ್ಲ. ಆದ್ದರಿಂದ ಒಂದೇ ಬಗೆಯ, ಸುಮಾರು 400ರಿಂದ 500 ಗ್ರಾಂ ತೂಗುವ ಕಂದುಗಳನ್ನು ಆರಿಸಿ, ಬುಡದ ಒಣ ಎಲೆಗಳನ್ನು ತೆಗೆದು, ಕೆಲವು ದಿನ ನೆರಳಿನಲ್ಲಿ ಇಟ್ಟು ಗಾಯ ಒಣಗಿದ ಮೇಲೆ ನೆಡುವುದು ಉತ್ತಮ.

ಜೋಡಿಸಾಲಿನ ಪದ್ಧತಿ ಅನುಕೂಲವಾದುದು. ಜೋಡಿಯೊಳಗಿನ ಎರಡು ಸಾಲುಗಳ ನಡುವೆ 60 ಸೆಂಟಿಮೀಟರ್, ಜೋಡಿಯಿಂದ ಜೋಡಿಗೆ 90 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 30 ಸೆಂಟಿಮೀಟರ್ ಬಿಟ್ಟರೆ ಎಕರೆಗೆ ಸುಮಾರು 18,000 ಗಿಡಗಳು ಹಿಡಿಯುತ್ತವೆ. ಒತ್ತಾಗಿ ಬೆಳೆದ ಎಲೆಗಳು ಕಳೆಯನ್ನು ಅಡಗಿಸಿ, ಹಣ್ಣಿಗೆ ಬಿಸಿಲಿನ ಹೊಡೆತವನ್ನು ತಪ್ಪಿಸುತ್ತವೆ. ಮುಖ್ಯವಾಗಿ ಗಮನಿಸಬೇಕಾದುದು ಗಿಡದ ಸುಳಿ. ನೆಡುವಾಗ ಅದರೊಳಗೆ ಮಣ್ಣು ಬಿದ್ದರೆ ಅಥವಾ ಮಳೆಯ ಸಿಡಿತದಿಂದ ಕೆಸರು ತುಂಬಿದರೆ ಗಿಡ ಕುಂದುತ್ತದೆ. ಜಡಿಮಳೆಯ ಜೂನ್-ಜುಲೈ ತಿಂಗಳುಗಳನ್ನು ತಪ್ಪಿಸಿ ನೆಡಬೇಕೆಂಬುದು ಇದೇ ಕಾರಣಕ್ಕೆ.

ನೀರು ನಿಂತ ನೆಲದಲ್ಲಿ ಸುಳಿಕೊಳೆ ರೋಗ ಹತ್ತುತ್ತದೆ. ನಡುವಿನ ಎಲೆಗಳನ್ನು ಹಿಡಿದೆಳೆದರೆ ಸಲೀಸಾಗಿ ಕಿತ್ತುಬರುತ್ತವೆ. ಬುಡದಲ್ಲಿ ದುರ್ವಾಸನೆ ಇರುತ್ತದೆ. ಅಡಿಕೆಯ ಕೊಳೆರೋಗವನ್ನು ಕಂಡಿರುವ ಮಲೆನಾಡಿಗರಿಗೆ ಇದರ ಪರಿಚಯ ಸುಲಭ. ಎರಡಕ್ಕೂ ಕಾರಣವಾದ ರೋಗಾಣುಗಳು ಒಂದೇ ಕುಲದವು. ಹಿಟ್ಟುತಿಗಣೆಯು ತರುವ ಬಾಡುರೋಗ ಇನ್ನೊಂದು. ತಿಗಣೆಯನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುವುದು ಇರುವೆ. ಆದ್ದರಿಂದ ಇರುವೆಯನ್ನು ತಡೆಯುವುದೇ ಮೊದಲ ಉಪಾಯ.

ಹೂ ಬರಿಸುವ ಉಪಾಯ

ಚಳಿಗಾಲದ ಗಿಡ್ಡ ಹಗಲು ಮತ್ತು ತಂಪಾದ ರಾತ್ರಿ ಅನಾನಸನ್ನು ಸಹಜವಾಗಿ ಹೂವಿಗೆ ತರುತ್ತವೆ. ಆದರೆ ಎಲ್ಲ ಗಿಡಗಳೂ ಒಟ್ಟಿಗೆ ಹೂ ಬಿಡುವುದಿಲ್ಲ. ಹೊಗೆ ಹಾಕಿದರೆ ಗಿಡ ಬೇಗ ಹೂಬಿಡುವುದನ್ನು 19ನೆಯ ಶತಮಾನದಲ್ಲಿ ಅಜೋರ್ಸ್ ದ್ವೀಪಗಳ ಬೆಳೆಗಾರರು ಕಂಡುಕೊಂಡರು. ಹೊಗೆಯಲ್ಲಿದ್ದ ಎಥಿಲೀನ್ ಅನಿಲವೇ ಕಾರಣವೆಂಬುದು ಅನಂತರ ತಿಳಿಯಿತು. ಈಗ ಎಥಿಲೀನನ್ನು ಬಿಡುಗಡೆ ಮಾಡುವ ಎಥೆಫಾನ್ ದ್ರಾವಣವನ್ನು, ಹತ್ತು ಲಕ್ಷ ಭಾಗ ನೀರಿಗೆ 25 ಭಾಗದಂತೆ, ಶೇಕಡ 2ರಷ್ಟು ಯೂರಿಯಾ ಕೂಡಿಸಿ, ಗಿಡಕ್ಕೆ 50 ಮಿಲಿಲೀಟರಿನಂತೆ ಸುಳಿಗೆ ಹನಿಸುತ್ತಾರೆ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯಕ. ಹಣ್ಣಿನ ಗಾತ್ರವು ಹೂ ಬರುವ ವೇಳೆಗೆ ಗಿಡದಲ್ಲಿರುವ ಎಲೆಗಳನ್ನು ಅವಲಂಬಿಸುತ್ತದೆ. 35ರಿಂದ 40 ಎಲೆಗಳು ಬರುವ ಮೊದಲೇ ಆತುರಪಟ್ಟರೆ ಹಣ್ಣು ಕಿರಿದಾಗುತ್ತದೆ. ಎರಡನೆಯದಾಗಿ, ಇಡೀ ತೋಟಕ್ಕೆ ಒಂದೇ ದಿನ ಹನಿಸಿದರೆ ಇಡೀ ತೋಟದ ಹಣ್ಣು ಸುಮಾರು ಆರು ತಿಂಗಳಿಗೆ ಒಮ್ಮೆಲೇ ಬರುತ್ತದೆ. ಈ ಹಣ್ಣಿನಲ್ಲಿ ಪಿಷ್ಟದ ದಾಸ್ತಾನಿಲ್ಲ. ಕೊಯ್ದ ಮೇಲೆ ಬಣ್ಣ ತಿರುಗಬಹುದೇ ಹೊರತು ಸಿಹಿ ಏರುವುದಿಲ್ಲ. ಎಳೆಯದನ್ನು ಕೊಯ್ದು ಹಣ್ಣಾಗಿಸುವಂತಿಲ್ಲ, ಬಲಿತದ್ದನ್ನು ಬಹುಕಾಲ ಇಡುವಂತಿಲ್ಲ. ಬೆಲೆ ಬಿದ್ದ ವಾರದಲ್ಲಿ ಹಣ್ಣೆಲ್ಲ ಬಲಿತರೆ ನಷ್ಟ ತಪ್ಪದು. ಸಣ್ಣ ಹಿಡುವಳಿದಾರನು ತೋಟವನ್ನು ಮೂರು ನಾಲ್ಕು ಪಾಲು ಮಾಡಿ, ತಿಂಗಳ ಅಂತರದಲ್ಲಿ ನೆಟ್ಟು, ಅದೇ ಅಂತರದಲ್ಲಿ ಹೂ ಬರಿಸುವುದು ಕ್ಷೇಮ.

ಅಡುಗೆಮನೆಯ ಅನುಭವ

ಹಸಿ ಅನಾನಸು ನಾಲಿಗೆಯನ್ನು ಚುರುಗುಟ್ಟಿಸುತ್ತದೆ. ಮೊಸರಿನಲ್ಲಿ ಬೆರೆಸಿಟ್ಟರೆ ಕಹಿಯಾಗುತ್ತದೆ. ಬ್ರೊಮೆಲಿನ್ ಎಂಬ ಕಿಣ್ವ ಸಸಾರಜನಕವನ್ನು ಒಡೆಯುವುದೇ ಇದಕ್ಕೆ ಮುಖ್ಯ ಕಾರಣ. ಶಾಖಕ್ಕೆ ಆ ಕಿಣ್ವ ಶಕ್ತಿಗುಂದುತ್ತದೆ. ಮಲೆನಾಡಿನ ಗೃಹಿಣಿಯರು ಗೊಜ್ಜಿಗೂ ಮೆಣಸ್ಕಾಯಿಗೂ ಹೋಳುಗಳನ್ನು ಬೇಯಿಸಿಕೊಳ್ಳುವುದು, ಸಾಸಿವೆ ಮಾಡುವಾಗಲೂ ಹಣ್ಣನ್ನು ಬಾಡಿಸಿಕೊಂಡು ಮೊಸರು ಬೆರೆಸುವುದು ಶಾಸ್ತ್ರಸಮ್ಮತವಾದ ಕ್ರಮವೇ ಆಗಿದೆ.

ಇಳಿಜಾರಿನ ಪ್ರಶ್ನೆ

ಇನ್ನು ಮೊದಲಿನ ಪ್ರಶ್ನೆಗೆ ಬರಬಹುದು. ಅನಾನಸಿಗೆ ವರ್ಷಕ್ಕೆ 1,000ದಿಂದ 1,500 ಮಿಲಿಮೀಟರ್ ಮಳೆ ಸಾಕು. ಕವಲೇದುರ್ಗವಿರುವ ತಾಲ್ಲೂಕಿನಲ್ಲಿಯೇ ಇರುವ ಆಗುಂಬೆಯಲ್ಲಿ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಘಟ್ಟದ ಅಂಚಿನಿಂದ ಪೂರ್ವಕ್ಕೆ ಸರಿದಂತೆ ಮಳೆ ಇಳಿಮುಖವಾಗಿ, ಸೊರಬ-ಬನವಾಸಿಯ ಬಯಲಿಗೆ ಬರುವಾಗ ಗಿಡಕ್ಕೆ ಒಪ್ಪುವ ಹದಕ್ಕೆ ಹತ್ತಿರವಾಗುತ್ತದೆ. ಅಲ್ಲಿ ಅದು ಹಣದ ಬೆಳೆಯಾದುದಕ್ಕೆ ಇದೊಂದು ಮುಖ್ಯ ಕಾರಣ. ಘಟ್ಟದಂಚಿನ ಊರುಗಳಲ್ಲಿ ದರೆಯ ಮೇಲೆ, ಬೇಲಿಯ ಏರಿಯ ಮೇಲೆ ಮಾತ್ರ ಅದು ಸುಖವಾಗಿರುವುದಕ್ಕೂ ಕಾರಣ ಅದೇ. ಅಲ್ಲಿ ನೀರು ನಿಲ್ಲುವುದಿಲ್ಲ. ಹಿರಿಯರು ಗಿಡಕ್ಕೆ ತಕ್ಕ ಜಾಗವನ್ನು ಅನುಭವದಿಂದಲೇ ಆರಿಸಿದ್ದರು.

ಆ ಗಿಡವನ್ನು ಗುಡ್ಡದ ಇಳಿಜಾರಿಗೆ ಒಯ್ಯುವಾಗ ಇಕ್ಕಟ್ಟೊಂದು ಎದುರಾಗುತ್ತದೆ. ಸಾಲುಗಳನ್ನು ಮೇಲಿನಿಂದ ಕೆಳಕ್ಕೆ ಎಳೆದರೆ ನೀರು ಸರಾಗವಾಗಿ ಬಸಿದು ಗಿಡ ಚೆನ್ನಾಗಿರುತ್ತದೆ. ಆದರೆ ಮಳೆ ಪ್ರತಿಯೊಂದು ಸಾಲನ್ನೂ ಕಾಲುವೆಯಾಗಿಸಿ ಮೇಲ್ಮಣ್ಣನ್ನು ಕೆಳಗಿನ ಕೆರೆಗೆ, ಅಡಿಕೆ ತೋಟಕ್ಕೆ ತಳ್ಳುತ್ತದೆ. ಸಾಲುಗಳನ್ನು ಇಳಿಜಾರಿಗೆ ಅಡ್ಡವಾಗಿ ಮಟ್ಟಸವಾಗಿ ತೆಗೆದರೆ ಮಣ್ಣು ನಿಲ್ಲುತ್ತದೆ; ಆದರೆ ನೀರೂ ನಿಂತು ಸುಳಿ ಕೊಳೆಯುತ್ತದೆ. ಗಿಡದ ಹಿತ ಒಂದು, ನೆಲದ ಹಿತ ಇನ್ನೊಂದು ಎಂಬಂತೆ ಕಾಣುತ್ತದೆ. ಎರಡನ್ನೂ ಕಾಯುವ ದಾರಿಯಿದೆ: ಸಾಲುಗಳು ಇಳಿಜಾರಿಗೆ ಅಡ್ಡವಾಗಿದ್ದು, ಒಂದು ಬದಿಗೆ ಅಲ್ಪ ವಾಲಿರಬೇಕು, ಗಿಡಗಳು ಏರುಮಡಿಯ ಮೇಲಿರಬೇಕು, ನೀರು ನಿಧಾನವಾಗಿ ಹರಿದು, ಕಲ್ಲು ಅಥವಾ ಹುಲ್ಲಿನ ರಕ್ಷಣೆಯಿರುವ ಬಸಿಗಾಲುವೆಯನ್ನು ಸೇರಬೇಕು, ಜೋಡಿಗಳ ನಡುವಿನ ನೆಲವನ್ನು ದರಗಿನಿಂದ ಮುಚ್ಚಬೇಕು. ಇದಕ್ಕೆ ಕೂಲಿ ಹೆಚ್ಚು, ಆದಾಯ ಮೊದಲ ವರ್ಷ ಕಡಿಮೆ. ಕೆಲವೇ ವರ್ಷಗಳ ಗುತ್ತಿಗೆಗೆ ಭೂಮಿಯನ್ನು ಹಿಡಿದವನಿಗೆ ಈ ಖರ್ಚು ಭಾರವೆನಿಸಬಹುದು. ಗುತ್ತಿಗೆ ಮುಗಿದ ಮೇಲೆ ಉಳಿಯುವ ಜಂಬಿಟ್ಟಿಗೆಯ ಬೋಳು ಗುಡ್ಡ ಮಾತ್ರ ಒಡೆಯನ ಪಾಲಿನದು. ಆದುದರಿಂದ ಭೂಮಿಯನ್ನು ಗುತ್ತಿಗೆಗೆ ಕೊಡುವವರು ಹಣದ ಮಾತಿನೊಡನೆ ಸಾಲಿನ ದಿಕ್ಕಿನ ಮಾತನ್ನೂ ಕರಾರಿನಲ್ಲಿ ಸೇರಿಸುವುದು ವಿವೇಕ. ಅಡಿಕೆಗೆ ಸೊಪ್ಪು, ದರಗು ಕೊಡುವ ಸೊಪ್ಪಿನ ಬೆಟ್ಟವನ್ನು ಕಡಿದು ಅನಾನಸನ್ನು ನೆಡುವುದಂತೂ ಒಂದು ತೋಟದ ಅನ್ನವನ್ನು ಕಿತ್ತು ಇನ್ನೊಂದಕ್ಕೆ ಬಡಿಸಿದಂತೆ.

ಈ ನಾಡಿನಲ್ಲಿಯೇ ಕೆಳದಿಯ ಶಿವಪ್ಪನಾಯಕನು 17ನೆಯ ಶತಮಾನದಲ್ಲಿ ನೆಲದ ಗುಣವನ್ನು ನೋಡಿ ತರಗತಿ ಮಾಡಿ ಕಂದಾಯವನ್ನು ನಿಗದಿಪಡಿಸಿದನು; ಅದು ‘ಶಿವಪ್ಪನಾಯಕನ ಶಿಸ್ತು’ ಎಂದು ಜನರ ಮಾತಿನಲ್ಲಿ ಉಳಿದಿದೆ. 2012ರಲ್ಲಿ ಶಿವಮೊಗ್ಗದಲ್ಲಿ ಸ್ಥಾಪನೆಯಾದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಅವನ ಹೆಸರನ್ನು ಇಟ್ಟಿರುವುದು ಉಚಿತವಾಗಿದೆ. ಬೆಳೆಗೆ ಮೊದಲು ನೆಲವನ್ನು ಓದಬೇಕೆಂಬುದೇ ಆ ಶಿಸ್ತಿನ ತಿರುಳು.

ಶಾಲೆಯ ಕೈತೋಟದಲ್ಲಿ ಹತ್ತು ಅನಾನಸು ಗಿಡಗಳಿಗೆ ಹೆಚ್ಚು ಸ್ಥಳ ಬೇಕಾಗದು. ಐದನ್ನು ಇಳಿಜಾರಿನ ಉದ್ದಕ್ಕೂ, ಐದನ್ನು ಅಡ್ಡಕ್ಕೂ ನೆಡಿಸಿ, ಎರಡರ ಕೆಳತುದಿಯಲ್ಲಿಯೂ ಒಂದೊಂದು ಗುಂಡಿ ತೋಡಿಸಿ, ಮಳೆಗಾಲ ಮುಗಿದ ಮೇಲೆ ಗುಂಡಿಯಲ್ಲಿ ಸೇರಿದ ಮಣ್ಣನ್ನು ತೂಗಿಸಬೇಕು. ಹಣ್ಣು ಬರಲು ಒಂದೂವರೆ ವರ್ಷ ಕಾಯಬೇಕಾದೀತು. ಆ ಮಣ್ಣಿನ ತೂಕ ಮಾತ್ರ ಮೊದಲ ದಸರೆಯ ಹೊತ್ತಿಗೇ ವಿದ್ಯಾರ್ಥಿಗಳಿಗೆ ಪಾಠವನ್ನು ಹೇಳಿರುತ್ತದೆ. ಅವರಲ್ಲಿ ಹಲವರು ಮುಂದೆ ಈ ಗುಡ್ಡಗಳ ಒಡೆಯರಾಗುವವರು.