ಹುಲ್ಲುಹಾಸಿನ ಕೆಲಸದ ಲೆಕ್ಕ: ಮಳೆಗಾಲದ ದುಡಿಮೆ, ಬೇಸಿಗೆಯ ತಕರಾರು

ಪುಣೆ, ಮುಂಬಯಿಗಳಲ್ಲಿ ಬಂಗಲೆಗಳ ಮತ್ತು ಹೌಸಿಂಗ್ ಸೊಸಾಯಿಟಿಗಳ ಹುಲ್ಲುಹಾಸು ನೋಡಿಕೊಳ್ಳುವ ಗುತ್ತಿಗೆ ಹಿಡಿದ ಬಾಂಧವರಿಗಾಗಿ ಈ ಪಾಠ. ಗಿಡ, ಹುಲ್ಲು, ಗೊಬ್ಬರಗಳ ವಿಷಯದಲ್ಲಿ ಅವರಿಗೆ ನಾವು ಹೇಳಿಕೊಡಬೇಕಾದುದು ಕಡಿಮೆ. ಲೆಕ್ಕ ಬರೆದಿಡದ ಕಾರಣ ದುಡಿದ ಹಣ ಕೈತಪ್ಪಬಾರದು ಎಂಬುದಷ್ಟೇ ನಮ್ಮ ಉದ್ದೇಶ.

ಹುಲ್ಲು ವರ್ಷವಿಡೀ ಒಂದೇ ಸಮನಾಗಿ ಬೆಳೆಯುವುದಿಲ್ಲ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಳೆ. ಆಗ ಗರಿಕೆಯ ಹಾಸನ್ನು ವಾರಕ್ಕೊಮ್ಮೆ ಕತ್ತರಿಸಬೇಕಾಗುತ್ತದೆ. ಚಳಿಗಾಲದಲ್ಲಿ ಬೆಳವಣಿಗೆ ತಗ್ಗುತ್ತದೆ. ಬೇಸಿಗೆಯಲ್ಲಿ ನೀರು ಕಡಿಮೆಯಾದರೆ ತಿಂಗಳಿಗೊಂದು ಕಟಾವು ಸಾಕು. ಚೆನ್ನೈಯಲ್ಲಿ ದೊಡ್ಡ ಮಳೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬರುವುದರಿಂದ ಅಲ್ಲಿರುವವರು ತಮ್ಮ ಊರಿನ ಋತುವಿಗೆ ತಕ್ಕಂತೆ ತಿಂಗಳುಗಳನ್ನು ಬದಲಿಸಿಕೊಳ್ಳಬೇಕು.

ಬಿಲ್ಲು ಮಾಡುವ ಕ್ರಮ ಎರಡು. ಒಂದು, ಕಟಾವಿಗೆ ಇಷ್ಟು ಎಂದು. ಇನ್ನೊಂದು, ವರ್ಷದ ಹಣವನ್ನು ಹನ್ನೆರಡು ಸಮ ಕಂತು ಮಾಡಿ ತಿಂಗಳು ತಿಂಗಳು ಪಡೆಯುವುದು. ಬೇಸಿಗೆಯಲ್ಲೂ ಮನೆಗೆ ಹಣ ಬರುವುದರಿಂದ ಎರಡನೆಯದನ್ನು ಹಲವರು ಬಯಸುತ್ತಾರೆ. ಆದರೆ ತಕರಾರು ಹುಟ್ಟುವುದೂ ಅದರಲ್ಲಿಯೇ. ಒಂದು ಉದಾಹರಣೆ ನೋಡೋಣ. ಕಟಾವಿಗೆ 600 ರೂಪಾಯಿ ಎಂದು ಇಟ್ಟುಕೊಳ್ಳಿ.

ಜೂನ್–ಸೆಪ್ಟೆಂಬರ್: 16 ಕಟಾವು, 9,600 ರೂ.
ಅಕ್ಟೋಬರ್–ಜನವರಿ: 8 ಕಟಾವು, 4,800 ರೂ.
ಫೆಬ್ರವರಿ–ಮೇ: 4 ಕಟಾವು, 2,400 ರೂ.
ವರ್ಷಕ್ಕೆ: 28 ಕಟಾವು, 16,800 ರೂ. ತಿಂಗಳ ಕಂತು 1,400 ರೂ.

ಗುತ್ತಿಗೆ ಜೂನ್‌ನಲ್ಲಿ ಆರಂಭವಾಯಿತೆನ್ನಿ. ಸೆಪ್ಟೆಂಬರ್ ಕೊನೆಗೆ ಮಾಡಿದ ಕೆಲಸ 9,600. ಕೈಗೆ ಬಂದದ್ದು ನಾಲ್ಕು ಕಂತು, ಅಂದರೆ 5,600. ಉಳಿದ 4,000 ರೂಪಾಯಿಯನ್ನು ಮಾಲಿಯು ಗಿರಾಕಿಗೆ ಸಾಲವಾಗಿ ಕೊಟ್ಟಂತಾಯಿತು. ಮಳೆ ನಿಂತೊಡನೆ “ನಾಳೆಯಿಂದ ಬರಬೇಡ” ಎಂದರೆ ಆ ಹಣಕ್ಕೆ ಆಧಾರವೇನು? ಗುತ್ತಿಗೆ ಫೆಬ್ರವರಿಯಲ್ಲಿ ಆರಂಭವಾದರೆ ಮಾತು ತಿರುಗುಮುರುಗು. ಮೇ ಕೊನೆಗೆ ಕೆಲಸ 2,400, ಪಡೆದದ್ದು 5,600. ಆಗ 3,200 ರೂಪಾಯಿ ಗಿರಾಕಿಯದೇ ನಮ್ಮ ಕೈಯಲ್ಲಿರುತ್ತದೆ. ಆದ್ದರಿಂದ ಕರಾರಿನಲ್ಲಿ ಈ ಮಾತು ಇರಲೇಬೇಕು:

“ವರ್ಷದ ನಡುವೆ ಕೆಲಸ ನಿಂತರೆ, ಆ ದಿನದವರೆಗಿನ ಕಟಾವುಗಳನ್ನು ಎಣಿಸಿ, ಒಂದಕ್ಕೆ 600 ರೂಪಾಯಿಯಂತೆ ಲೆಕ್ಕ ಮಾಡಿ, ಸಂದಾಯವಾದ ಕಂತುಗಳನ್ನು ಕಳೆದು, ವ್ಯತ್ಯಾಸವನ್ನು ಕೊಡಬೇಕಾದವರು ಕೊಡತಕ್ಕದ್ದು.”

ಗೊಬ್ಬರ, ಮಣ್ಣು, ಔಷಧಿಗಳ ಖರ್ಚು ಯಾರದೆಂಬುದನ್ನೂ ಬರೆಯಿರಿ. ಗಿರಾಕಿಗೆ ತಿಳಿಯುವ ಭಾಷೆಯಲ್ಲಿ ಎರಡು ಪ್ರತಿ ಮಾಡಿ, ಎರಡಕ್ಕೂ ಇಬ್ಬರ ಸಹಿ ಇರಲಿ.

ಕರಾರಿನಷ್ಟೇ ಮುಖ್ಯವಾದದ್ದು ಒಂದು ಸಣ್ಣ ನೋಟುಬುಕ್ಕು. ಹೋದ ತಾರೀಖು, ಮಾಡಿದ ಕೆಲಸ, ಮನೆಯವರದೋ ಕಾವಲುಗಾರನದೋ ಸಹಿ, ಇಷ್ಟು ಸಾಕು. ಮಳೆಯಿಂದ ಕೆಲಸ ನಡೆಯದಿದ್ದರೆ “ಮಳೆ, ಕಟಾವು ಇಲ್ಲ” ಎಂದು ಅದನ್ನೂ ಬರೆಯಿರಿ.

ಇನ್ನು ಅಸಮಾಧಾನಗೊಂಡ ಗಿರಾಕಿಯ ವಿಷಯ. ಮಾತು ಬಲ್ಲವನಿಗೆ ಜಗಳವಿಲ್ಲವೆಂಬ ಗಾದೆ ಇಲ್ಲಿ ಉಪಯೋಗಕ್ಕೆ ಬರುತ್ತದೆ.

“ತಿಂಗಳಿಗೊಮ್ಮೆ ಬರುತ್ತೀ, 1,400 ಯಾಕೆ?” ಎಂಬುದು ಬೇಸಿಗೆಯ ಪ್ರಶ್ನೆ. ಆಗ ಸಿಟ್ಟಾಗದೆ, “ಸಾಹೇಬರೇ, ಜುಲೈಯಲ್ಲಿ ನಾಲ್ಕು ಸಲ ಬಂದಾಗಲೂ 1,400 ಮಾತ್ರವೇ ಪಡೆದಿದ್ದೇನೆ, ಇಲ್ಲಿ ನೋಡಿ” ಎಂದು ಪುಸ್ತಕ ತೋರಿಸಬೇಕು. ಜನವರಿಯ ಕೊನೆಯ ಬಿಲ್ಲಿನ ಜೊತೆಗೇ ಅಂದಿನವರೆಗಿನ ಲೆಕ್ಕದ ಚೀಟಿ ಕೊಟ್ಟರೆ ಈ ಪ್ರಶ್ನೆ ಬಹುಮಟ್ಟಿಗೆ ಏಳುವುದೇ ಇಲ್ಲ.

“ಹುಲ್ಲು ಹಳದಿಯಾಯಿತು” ಎಂದರೆ ಉತ್ತರ ಕೊಡುವ ಮೊದಲು ಹೋಗಿ ನೋಡಬೇಕು. ನೀರು ನಿಂತಿದ್ದರೆ ಬೇರು ಕೊಳೆತು ಹಳದಿಯಾಗುತ್ತದೆ. ನೀರು ಹರಿಯಲು ದಾರಿ ಮಾಡಬೇಕೆಂದು ಗಿರಾಕಿಗೆ ಸ್ಥಳದಲ್ಲೇ ತೋರಿಸಿ. ಒಂದೇ ಸಲಕ್ಕೆ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಿದರೂ ಹುಲ್ಲು ಸೊರಗುತ್ತದೆ. ಅಲಗು ಮೊಂಡಾಗಿದ್ದರೆ ತುದಿ ಹರಿದು ಬಿಳಿಚುತ್ತದೆ. ಇವೆರಡೂ ಕೆಲಸದವನ ತಪ್ಪು. ಹಣ ಕೇಳದೆ ಸರಿಪಡಿಸಿಕೊಡುವುದೇ ಮರ್ಯಾದೆ ಮತ್ತು ಲಾಭ.

ಹಣ ತಡವಾದರೆ ಹದಿನೈದು ದಿನಕ್ಕೆ ನೆನಪಿನ ಚೀಟಿ ಕೊಡಿ. ಎರಡು ತಿಂಗಳ ಬಾಕಿ ನಿಂತರೆ, ಬರೆದು ತಿಳಿಸಿ ಕೆಲಸ ನಿಲ್ಲಿಸಿ. ಮಾಡಿದ ಕೆಲಸದ ಹಣಕ್ಕೆ ದಾವೆ ಹೂಡಲು 1963ರ ಅವಧಿ ಕಾಯಿದೆಯಂತೆ, ಕೆಲಸ ಮುಗಿದ ದಿನದಿಂದ ಸಾಮಾನ್ಯವಾಗಿ ಮೂರು ವರ್ಷ ಅವಕಾಶವಿದೆ. ಆಗ ಸಾಕ್ಷಿ ನುಡಿಯುವುದು ಆ ನೋಟುಬುಕ್ಕೇ. 5,000 ರೂಪಾಯಿ ಮೀರಿದ ರಸೀದಿಗೆ ಒಂದು ರೂಪಾಯಿಯ ರೆವೆನ್ಯೂ ಸ್ಟಾಂಪು ಹಚ್ಚಬೇಕೆಂಬುದನ್ನೂ ಮರೆಯಬಾರದು. ಹಣ ಮೊಬೈಲಿನ ಮೂಲಕ ಬಂದರೆ ತಾರೀಖನ್ನು ಪುಸ್ತಕದಲ್ಲಿ ಅಂದೇ ಬರೆಯಿರಿ.

ಅಭ್ಯಾಸ: ಮೇಲಿನ ಲೆಕ್ಕದಲ್ಲಿ ಗುತ್ತಿಗೆ ಜೂನ್‌ನಲ್ಲಿ ಆರಂಭವಾಗಿ ಜನವರಿ ಕೊನೆಗೆ ನಿಂತರೆ ಯಾರು ಯಾರಿಗೆ ಎಷ್ಟು ಕೊಡಬೇಕು? (ಉತ್ತರ: ಕೆಲಸ 14,400, ಸಂದಾಯ 11,200, ಗಿರಾಕಿ ಮಾಲಿಗೆ 3,200 ರೂ.) ಕರಾರು ಬರೆಯಲು ಬಾರದವರು ಸಂಕೋಚಪಡದೆ ವಾಚನಾಲಯಕ್ಕೆ ಬರಲಿ, ಕೂತು ಬರೆದುಕೊಡುತ್ತೇವೆ.